ನೆಲದಿಂದ ಏಳುವ ಲೆಕ್ಕ

4 ಜೂನ್ 2024, ಮಂಗಳವಾರ

ಬಿದ್ದಿಲ್ಲ. ಕೂತೆ, ಅಷ್ಟೆ.

ಅಡುಗೆಮನೆಯ ಕೆಳಗಿನ ಗೂಡಿನಲ್ಲಿ ಇಡ್ಲಿ ಪಾತ್ರೆ ಇತ್ತು. ಬಗ್ಗಿದರೆ ಸೊಂಟ ಹಿಡಿದುಕೊಳ್ಳುತ್ತದೆ ಎಂದು ಜಾಣತನ ಮಾಡಿ ನೆಲಕ್ಕೇ ಕೂತೆ. ಪಾತ್ರೆ ಸಿಕ್ಕಿತು. ಏಳಲು ಹೋದರೆ ಕಾಲು ನನ್ನ ಮಾತು ಕೇಳಲಿಲ್ಲ. ಕಟ್ಟೆಯ ಅಂಚು ಹಿಡಿದೆ. ಗ್ರಾನೈಟು ನುಣುಪು, ಕೈ ಜಾರಿತು. ಮಂಡಿಯೂರೋಣವೆಂದರೆ ಮೊಸಾಯಿಕ್ ನೆಲ ತಾಗಿದ್ದೇ ತಡ, ಕಣ್ಣಲ್ಲಿ ನೀರು ಬಂತು. ಮಹಡಿಯ ಬಾಡಿಗೆಯವರನ್ನು ಕೂಗಿದೆ. ಇವತ್ತು ಎಲೆಕ್ಷನ್ ರಿಸಲ್ಟು. ಅವರ ಟಿ.ವಿ. ಗದ್ದಲದಲ್ಲಿ ನನ್ನ ಕೂಗು ಯಾರಿಗೆ ಕೇಳಬೇಕು? ಫೋನು ನಡುಮನೆಯಲ್ಲಿ ಚಾರ್ಜಿಗೆ ಹಾಕಿದ್ದೆ. ಕೊನೆಗೆ ಅಂಬೆಗಾಲೂ ಅಲ್ಲದ, ತೆವಳುವುದೂ ಅಲ್ಲದ ಒಂದು ರೀತಿಯಲ್ಲಿ, ಕೂತಲ್ಲೇ ಹಿಂದಕ್ಕೆ ಸರಿಯುತ್ತ ಸರಿಯುತ್ತ ದಿವಾನದ ಹತ್ತಿರ ಬಂದು, ಅದರ ಮೇಲೆ ಎದೆ ಆನಿಸಿ ಹೇಗೋ ಹತ್ತಿಕೊಂಡೆ.

ಗಡಿಯಾರ ನೋಡಿದೆ. 40 ನಿಮಿಷ. ದೂರ ಹೆಚ್ಚೆಂದರೆ 16 ಅಡಿ. 33 ವರ್ಷ ಹೈಸ್ಕೂಲಿನಲ್ಲಿ ಕಾಲ, ದೂರ, ವೇಗದ ಲೆಕ್ಕ ಮಾಡಿಸಿದವಳು ನಾನು. ಈ ಲೆಕ್ಕದ ಉತ್ತರ ಬರೆಯುವುದಿಲ್ಲ.

ಹುಬ್ಬಳ್ಳಿಯ ಮಗಳಿಗೆ ಹೇಳಲಿಲ್ಲ. ಹೇಳಿದರೆ ನಾಳೆಯಿಂದಲೇ 'ಅಮ್ಮ, ಒಬ್ಬಳೇ ಇರಬೇಡ' ಶುರುವಾಗುತ್ತದೆ. ಇಡ್ಲಿಯನ್ನೂ ಮಾಡಲಿಲ್ಲ.

9 ಜೂನ್, ಭಾನುವಾರ

ಐದು ದಿನದಿಂದ ಇದೇ ಯೋಚನೆ. ನನಗೆ 71. ಅಮ್ಮ ಈ ವಯಸ್ಸಿನಲ್ಲಿ ಹೇಗೆ ಎದ್ದೇಳುತ್ತಿದ್ದಳು?

ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಕೂತು ಲೆಕ್ಕ ಹಾಕಿದೆ. ನಾನು ಹೈಸ್ಕೂಲಿಗೆ ಹೋಗುತ್ತಿದ್ದ ಕಾಲದ ಅಮ್ಮನ ಒಂದು ದಿನ. ಹಾಸಿಗೆಯಿಂದ ಏಳುವುದು, ಅದು ನೆಲದ ಚಾಪೆ, 1. ರಂಗೋಲಿ 1. ಹಾಲು ಕರೆಯಲು ಎರಡು ಹೊತ್ತು, 2. ಒಲೆ ಮುಂದೆ ಕೂತು ಎದ್ದದ್ದು ಕಡಿಮೆಯೆಂದರೂ 10. ಈಳಿಗೆಮಣೆ 3. ಒರಳುಕಲ್ಲು 2. ಊಟ ತಿಂಡಿ 3. ಪಾತ್ರೆ ಬೆಳಗಲು 3. ಬಟ್ಟೆ ಒಗೆಯಲು 1. ನೆಲ ಸಾರಿಸಲು, ಒಂದೊಂದು ಕೋಣೆಗೆ ಒಂದೊಂದು ಸಲ, 4. ದೇವರ ಮುಂದೆ 2. ಅಕ್ಕಿ ಆರಿಸಲು, ಮೊರ ಹಿಡಿಯಲು, ನಮ್ಮ ಜಡೆ ಹೆಣೆಯಲು, ಹಿತ್ತಲಿಗೆ ಹೋಗಲು... 40 ದಾಟಿತು.

ನನ್ನ ಲೆಕ್ಕ: 0. ಅಂದರೆ ಮಂಗಳವಾರದವರೆಗೆ 0.

ಒಂದೊಂದನ್ನೂ ಯಾವಾಗ ಬಿಟ್ಟೆ ಎಂದು ಬರೆಯುತ್ತ ಹೋದೆ. ಮದುವೆಯಾಗಿ ಬಂದಾಗಲೇ ಮೈಸೂರಿನ ಈ ಮನೆಯಲ್ಲಿ ನಿಂತು ಅಡುಗೆ ಮಾಡುವ ಕಟ್ಟೆ ಇತ್ತು. ಆಮೇಲೆ ಮಿಕ್ಸಿ. ಡೈನಿಂಗ್ ಟೇಬಲ್ಲು ಬಂದ ದಿನ ಮೊದಲ ಊಟಕ್ಕೆ ಪಾಯಸ ಮಾಡಿದ್ದೆ. ಮಂಡಿ ನೋವೆಂದು 2009ರಲ್ಲಿ ಕಮೋಡು. ಇವರು ಹೋದ ಮೇಲೆ ಪೂಜೆಗೂ ಕುರ್ಚಿ. ನೆಲವನ್ನು ನನ್ನಿಂದ ಯಾರೂ ಕಿತ್ತುಕೊಳ್ಳಲಿಲ್ಲ. ಒಂದೊಂದೇ ಸಾಮಾನು ತಂದು ನಾನೇ ಅದರಿಂದ ಮೇಲೆ ಮೇಲೆ ಹೋದೆ.

ಹಾಗೆಂದು ಅಮ್ಮನ ಕಾಲ ಚೆನ್ನಾಗಿತ್ತು ಎಂದು ಬರೆದರೆ ಸುಳ್ಳು. 60ಕ್ಕೇ ಅವಳ ಬೆನ್ನು ಗೂನಾಗಿತ್ತು. ಗ್ಯಾಸ್ ಒಲೆ ಬಂದಾಗ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಕೈಮುಗಿದಿದ್ದಳು. ಹೊಗೆ ನುಂಗಿ ದುಡಿದದ್ದಕ್ಕೆ ನಾನು ವ್ಯಾಯಾಮವೆಂದು ಹೆಸರಿಟ್ಟರೆ ಸೌಟು ತೆಗೆದುಕೊಂಡು ಬಂದಾಳು.

20 ಜೂನ್, ಗುರುವಾರ

ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಬರೆಯುತ್ತಿದ್ದೇನೆ. ತಪ್ಪು ನನ್ನದೂ ಇದೆ.

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ 12 ವರ್ಷದಿಂದ ನಡೆಯುತ್ತಿದ್ದೇನೆ. ನನಗೇನು ಕಮ್ಮಿ ಎಂದುಕೊಂಡಿದ್ದೆ. ನಮ್ಮ ಡಾಕ್ಟರಿಗೆ ಮಾತ್ರ ಆ ಮಂಗಳವಾರದ ಸಂಗತಿ ಹೇಳಿದ್ದೆ. ಅವರು ಅಂದದ್ದು: "ವಾಕಿಂಗು ಹೃದಯಕ್ಕೆ ಒಳ್ಳೇದಮ್ಮ, ಬಿಡಬೇಡಿ. ಆದ್ರೆ ತೊಡೆಗೆ ಅದು ಸಾಲದು. ತೊಡೆಗೆ ಭಾರ ಬೇಕು." ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯಲ್ಲೇ ಇದೆಯಂತೆ. 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಬಿರುಸಾಗಿ ನಡೆಯುವುದು ಒಂದು. ಅದಲ್ಲದೆ ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ವಾರದಲ್ಲಿ 3 ದಿನ ಸಮತೋಲನ ಕಾಯುವ ಅಭ್ಯಾಸ. ನಾನು 12 ವರ್ಷ ಮೂರು ಪ್ರಶ್ನೆಗಳಲ್ಲಿ ಒಂದನ್ನೇ ಬಿಡಿಸಿ ಪೇಪರು ಕೊಟ್ಟು ಬರುತ್ತಿದ್ದೆ.

ಸರಿ, ಭಾರ ಎತ್ತೋಣವೆಂದು ಹತ್ತಿರದ ಒಂದು ಜಿಮ್ಮಿಗೆ ಹೋದೆ. ಹಾಡಿನ ಅಬ್ಬರ. ಅಲ್ಲಿದ್ದ ಹುಡುಗ ನನ್ನ ವಯಸ್ಸು ಕೇಳಲಿಲ್ಲ, ಬಿ.ಪಿ. ಕೇಳಲಿಲ್ಲ, ಮೂಳೆ ಸವೆತ ಕೇಳಲಿಲ್ಲ. ಮೊಬೈಲು ನೋಡುತ್ತಲೇ ಒಂದು ಯಂತ್ರ ತೋರಿಸಿ "ಹದಿನೈದು ಮಾಡಿ ಆಂಟಿ" ಅಂದ. ಒಂಬತ್ತಕ್ಕೆ ಬೆನ್ನಲ್ಲಿ ಚುಳುಕ್ಕೆಂದಿತು. "ನೋವು ಬಂದ್ರೇನೇ ಕೆಲ್ಸ ಆಗ್ತಿದೆ ಅಂತ" ಎಂದು ಧೈರ್ಯ ಹೇಳಿದ. ಮೂರು ತಿಂಗಳ ಫೀಸು ಕಟ್ಟಿದ್ದೆ. ಹೋಯಿತು.

8 ಜುಲೈ, ಸೋಮವಾರ

ವ್ಯಾಯಾಮ ಕಲಿಸಲು ಡಾಕ್ಟರ ಪರಿಚಯದ ಹುಡುಗಿ ಬಂದಳು. ಟಿ. ನರಸೀಪುರದ ಕಡೆಯವಳು, ಬಿ.ಪಿ.ಎಡ್. ಮಾಡಿದ್ದಾಳೆ, ಖೋ ಖೋ ಆಡಿದವಳು. ವಾರಕ್ಕೆ ಮೂರು ದಿನ, ಬೆಳಗ್ಗೆ ಏಳಕ್ಕೆ, ಮನೆಗೇ. ಒಂದು ಸಲಕ್ಕೆ 450 ರೂಪಾಯಿ. ನಾನು ಟೀಚರಾಗಿದ್ದೆ ಎಂದು ತಿಳಿದ ಕೂಡಲೇ 'ಮಿಸ್' ಅನ್ನಲು ಶುರು ಮಾಡಿದಳು. ಬೇಡವೆಂದರೂ ಕೇಳಲಿಲ್ಲ.

ಮೊದಲ ದಿನ ಒಂದು ವ್ಯಾಯಾಮವನ್ನೂ ಮಾಡಿಸಲಿಲ್ಲ. ಒಂದು ನೋಟ್‌ಬುಕ್ ತೆಗೆದು ಕೇಳುತ್ತ ಹೋದಳು. ಯಾವ ಮಾತ್ರೆ, ಯಾವ ಹೊತ್ತಿಗೆ. ಕಣ್ಣಿನ ಪೊರೆ ತೆಗೆಸಿದ್ದೀರಾ. ರಾತ್ರಿ ಎಷ್ಟು ಸಲ ಬಾತ್‌ರೂಮಿಗೆ ಏಳ್ತೀರಿ, ದೀಪ ಎಲ್ಲಿದೆ. ಯಾವ ಕೆಲ್ಸ ಮಾಡೋಕೆ ಭಯ. ಕೊನೆಯದಕ್ಕೆ ನಾನು ತಟ್ಟನೆ ಉತ್ತರಿಸಲಿಲ್ಲ. ಆಮೇಲೆ ಇಡ್ಲಿ ಪಾತ್ರೆಯ ಕತೆ ಪೂರ್ತಿ ಹೇಳಿದೆ. ಮಗಳಿಗೆ ಹೇಳದ್ದನ್ನು ಅವಳಿಗೆ ಹೇಳಿದೆ.

ನನ್ನ ಸರ್ವಿಸಿನಲ್ಲಿ ಒಂದು ದಿನವೂ ಮನೆಪಾಠ ಮಾಡಿದವಳಲ್ಲ. ಕ್ಲಾಸಿನಲ್ಲಿ ಸರಿಯಾಗಿ ಕಲಿಸದವರು ಮನೆಯಲ್ಲಿ ದುಡ್ಡಿಗೆ ಕಲಿಸುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಜಗಳವಾಡಿದವಳು. ಈಗ ದುಡ್ಡು ಕೊಟ್ಟು ಮನೆಪಾಠ ಹೇಳಿಸಿಕೊಳ್ಳುತ್ತಿದ್ದೇನೆ. ಆದರೆ 60 ಮಕ್ಕಳ ಕ್ಲಾಸಿನಲ್ಲಿ ಹಿಂದಿನ ಬೆಂಚಿನವನು ಎಲ್ಲಿ ತಪ್ಪಿದ ಎಂದು ನನಗೂ ಎಷ್ಟೋ ಸಲ ಗೊತ್ತಾಗುತ್ತಿರಲಿಲ್ಲ, ಅದು ನಿಜ. ಇವಳು ನಾನು ಕುರ್ಚಿಯಿಂದ ಏಳುವುದನ್ನು ಒಂದೇ ಸಲ ನೋಡಿ, "ಮಿಸ್, ನಿಮ್ ಎಡ ಮಂಡಿ ಒಳಕ್ಕೆ ಬೀಳ್ತಾ ಇದೆ, ಭಾರ ಪೂರ್ತಿ ಬಲಗಾಲ್ ಮೇಲೆ" ಅಂದಳು. ಎಷ್ಟು ವರ್ಷದಿಂದ ಹಾಗೆ ಏಳುತ್ತಿದ್ದೇನೋ!

10 ಜುಲೈ, ಬುಧವಾರ

ಇವತ್ತು ಪರೀಕ್ಷೆ. ಕೈಗಳನ್ನು ಎದೆಗೆ ಕತ್ತರಿ ಹಾಕಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ನಿಲ್ಲುತ್ತೇನೆ? 7. ನನ್ನ ವಯಸ್ಸಿನ ಹೆಂಗಸರಿಗೆ 10ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಇದೆ ಎಂದು ಲೆಕ್ಕ. ಒಂಟಿ ಕಾಲಿನಲ್ಲಿ 3 ಸೆಕೆಂಡು ನಿಂತೆ, 10 ನಿಲ್ಲಬೇಕು.

ಮೂರನೆಯದು ನೆಲದ್ದು. ಬ್ರೆಜಿಲ್‌ನ ಕ್ಲಾಡಿಯೊ ಗಿಲ್ ಅರಾವುಜೊ ಎಂಬ ಡಾಕ್ಟರು ಮಾಡಿದ ಪರೀಕ್ಷೆಯಂತೆ. ನೆಲಕ್ಕೆ ಕೂರಲು 5 ಅಂಕ, ಏಳಲು 5 ಅಂಕ. ಕೈಯೋ ಮಂಡಿಯೋ ಊರಿದ ಒಂದೊಂದು ಸಲಕ್ಕೂ 1 ಅಂಕ ಕಡಿತ, ತೂರಾಡಿದರೆ ಅರ್ಧ. 2012ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 51ರಿಂದ 80 ವರ್ಷದ 2002 ಜನರನ್ನು ಹೀಗೆ ಕೂರಿಸಿ ಏಳಿಸಿ, ಆಮೇಲೆ ಕೆಲವು ವರ್ಷ ಅವರ ಬೆನ್ನು ಹತ್ತಿ ನೋಡಿದರು. ಕಡಿಮೆ ಅಂಕದವರಲ್ಲಿ ಸತ್ತವರು ಹೆಚ್ಚು. ನೆಲದಿಂದ ಏಳಲಾರದ್ದಕ್ಕೇ ಸತ್ತರು ಅಂತಲ್ಲ. ಕಾಲಿನ ಬಲ, ಕೀಲಿನ ಬಾಗು, ತೂಕ, ಸಮತೋಲನ ಎಲ್ಲದರ ಒಟ್ಟು ಮೊತ್ತ ಆ ಒಂದು ಏಳುವಿಕೆಯಲ್ಲಿ ಕಾಣುತ್ತದೆ.

ಕೂತೆ: ಎರಡು ಕೈ, ಜೊತೆಗೆ ತೂರಾಟ. 2.5. ಏಳುವಾಗ ಅವಳು ತೋಳು ಹಿಡಿಯಬೇಕಾಯಿತು. 0.

"ಹತ್ತಕ್ಕೆ ಎರಡೂವರೆ. ಎಸ್ಸೆಸ್ಸೆಲ್ಸಿಗೇ 35 ಪರ್ಸೆಂಟ್ ಬೇಕು, ನಾನು ಫೇಲು ಕಣಮ್ಮ" ಅಂದೆ.

"ಈ ವರ್ಷ 20 ಪರ್ಸೆಂಟ್ ಗ್ರೇಸ್ ಕೊಟ್ರಲ್ಲ ಮಿಸ್, ನಿಮ್ಗೂ ಹಾಕ್ಲಾ?"

ಗ್ರೇಸ್ ಮಾರ್ಕ್ಸ್ ಬಗ್ಗೆ ನನ್ನ ಅಭಿಪ್ರಾಯ ಏನೆಂದು ಅವಳಿಗೆ ಗೊತ್ತಿಲ್ಲ, ಪಾಪ. ಇಪ್ಪತ್ತು ನಿಮಿಷ ಕೇಳಬೇಕಾಯಿತು.

12 ಜುಲೈ, ಶುಕ್ರವಾರ

ಆಷಾಢದ ಮೊದಲ ಶುಕ್ರವಾರ. ನಸುಕಿನಿಂದಲೇ ಬೆಟ್ಟದ ಕಡೆ ಜನವೋ ಜನ. ಎದುರು ಮನೆಯಾಕೆ ಗೇಟಿನಲ್ಲಿ ನಿಂತು, "ಟ್ರೈನಿಂಗ್ ತಗೋತಿದ್ದೀರಂತೆ, ಮುಂದಿನ ವರ್ಷ ಮೆಟ್ಟಿಲು ಹತ್ತೇ ಬರ್ತೀರಿ ಬಿಡಿ" ಅಂದರು. ಎಲ್ಲರಿಗೂ ಬೆಟ್ಟವೇ ಬೇಕು. ನನಗೆ ಚಾಮುಂಡಿ ದರ್ಶನಕ್ಕೆ ಬಸ್ಸಿದೆ. ಇಡ್ಲಿ ಪಾತ್ರೆಯ ಗೂಡಿಗೆ ಬಸ್ಸಿಲ್ಲ.

ನಾನು ಮಾಡುತ್ತಿರುವುದು ಬಸ್ಕಿ. ಅವಳು ಸ್ಕ್ವಾಟ್ ಅನ್ನುತ್ತಾಳೆ; ಬಸ್ಕಿಯೇ ಅದು. ಹೋಮ್‌ವರ್ಕ್ ತರದವರಿಗೆ ಕಿವಿ ಹಿಡಿಸಿ ಎಷ್ಟು ಹೊಡೆಸಿದ್ದೇನೋ, ಈಗ ಬಡ್ಡಿ ಸಮೇತ ವಾಪಸು. ವ್ಯತ್ಯಾಸ ಇಷ್ಟೇ: ಹಿಂದೆ ಒಂದು ಕುರ್ಚಿ, ಕುರ್ಚಿಯ ಮೇಲೆ ಎರಡು ದಿಂಬು. ದಿಂಬಿಗೆ ಕೂತು ಏಳಬೇಕು, ಎಂಟು ಸಲ, ಒಂದು ನಿಮಿಷ ವಿಶ್ರಾಂತಿ, ಮತ್ತೆ ಎಂಟು. ಕೂರುವಾಗ ನಿಧಾನ, ಏಳುವಾಗ ಬಿರುಸು. ಏಕೆ ಬಿರುಸು ಎಂದರೆ, ಎಡವಿದಾಗ ತಟ್ಟನೆ ಕಾಲು ಮುಂದಿಟ್ಟು ಮೈ ತಡೆಯಬೇಕಲ್ಲ, ಆ ಕೆಲಸ ಮಾಡುವ ಎಳೆಗಳು ವಯಸ್ಸಾದಂತೆ ಎಲ್ಲಕ್ಕಿಂತ ಹೆಚ್ಚು ಸೊರಗುತ್ತವಂತೆ. ಮುದುಕರು ಎಡವುವುದು ಹೆಚ್ಚು ಎಂದುಕೊಂಡಿದ್ದೆ. ಹುಡುಗರೂ ಎಡವುತ್ತಾರೆ, ಅವರಿಗೆ ತಡೆದುಕೊಳ್ಳಲು ಆಗುತ್ತದೆ.

24 ಜುಲೈ, ಬುಧವಾರ

ಮೈಯೆಲ್ಲ ನೋವು, ಆದರೆ ಜಿಮ್ಮಿನ ನೋವಿನಂಥದ್ದಲ್ಲ. ಅವಳು ಕಲಿಸಿದ್ದಾಳೆ: ತೊಡೆಯ ಮಧ್ಯದಲ್ಲಿ ಭಾರವಾಗಿ, ಮಂದವಾಗಿ, ಎರಡು ದಿನದಲ್ಲಿ ಹೋಗುವುದು ಕೆಲಸದ ನೋವು. ಕೀಲಿನಲ್ಲಿ ಚುಚ್ಚುವುದು, ಕಾಲಿಗೆ ಹರಿಯುವುದು, ಎದೆಯಲ್ಲಿ ಹಿಡಿಯುವುದು ಬೇರೆ; ಅಲ್ಲಿಗೆ ನಿಲ್ಲಿಸಬೇಕು, ಡಾಕ್ಟರಿಗೆ ಹೇಳಬೇಕು.

ನಾನು ಮಾಡುವ ಮೋಸಗಳ ಪಟ್ಟಿಯೂ ಅವಳ ನೋಟ್‌ಬುಕ್ಕಿನಲ್ಲಿದೆ. ಏಳುವಾಗ ತೊಡೆಗೆ ಕೈ ಒತ್ತುವುದು. ಆರು ಆದಾಗ ಏಳು ಎಂದು ಎಣಿಸುವುದು (ಗಣಿತದ ಮೇಡಂ!). ಎಲ್ಲಕ್ಕಿಂತ ಕೆಟ್ಟದ್ದು ಉಸಿರು ಕಟ್ಟುವುದು. "ಮಿಸ್, ಉಸ್ರು ಬಿಡಿ, ಉಸ್ರು ಬಿಡಿ" ಎಂದು ಬೀದಿಗೆ ಕೇಳುವ ಹಾಗೆ ಕೂಗುತ್ತಾಳೆ. ಬಿ.ಪಿ. ಇದ್ದವರು ಉಸಿರು ಬಿಗಿಹಿಡಿದು ಭಾರ ಎತ್ತಿದರೆ ಒತ್ತಡ ಸರ್ರನೆ ಏರುತ್ತದೆ. ಈಗ ಏಳುವಾಗ ಬಾಯಿಬಿಟ್ಟು ಎಣಿಸುತ್ತೇನೆ. ಮಾತಾಡುತ್ತಿದ್ದರೆ ಉಸಿರು ಕಟ್ಟಲಾಗುವುದಿಲ್ಲ.

ಒಂದು ದಿಂಬು ತೆಗೆದಳು. ಹಾಲು ಕಾಯಲು ಇಟ್ಟಾಗ ಕಟ್ಟೆ ಹಿಡಿದು ಒಂಟಿ ಕಾಲಿನಲ್ಲಿ ನಿಲ್ಲುವುದು ಹೋಮ್‌ವರ್ಕು. ಎರಡು ಸಲ ಹಾಲು ಉಕ್ಕಿತು.

4 ಆಗಸ್ಟ್, ಭಾನುವಾರ

ಇವತ್ತು ಊಟದ ಲೆಕ್ಕ. ವಯಸ್ಸಾದವರಿಗೆ ಮೈತೂಕದ ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ನನ್ನ ತೂಕ 58. ಅಂದರೆ ದಿನಕ್ಕೆ 58ರಿಂದ 70 ಗ್ರಾಂ. ನಿನ್ನೆ ತಿಂದದ್ದನ್ನೆಲ್ಲ ಕೂಡಿದರೆ 35ರ ಆಸುಪಾಸು. 'ವಯಸ್ಸಾಯ್ತು, ಹಗುರವಾಗಿ ತಿನ್ನಬೇಕು' ಎಂದು ರಾತ್ರಿ ಅನ್ನಕ್ಕೆ ತಿಳಿಸಾರು ಹಾಕಿಕೊಂಡು ಏಳುತ್ತಿದ್ದೆ. ತಿಳಿಯಲ್ಲಿ ಏನಿದೆ ಮಣ್ಣು, ಬೇಳೆಯೆಲ್ಲ ತಳದಲ್ಲಿ. ಇನ್ನು ತಳದ್ದೇ ನನಗೆ. ಕಿಡ್ನಿ ಸರಿಯಾಗಿದೆ ಎಂದು ಡಾಕ್ಟರು ಹೇಳಿದ್ದರಿಂದ ಹೆಸರುಕಾಳು, ಹುರುಳಿ, ಕಡಲೆಕಾಳು ಉಸಲಿ, ಮೊಸರು, ಪನೀರು ಹೆಚ್ಚಿಸಿದ್ದೇನೆ.

ಆದರೆ ತಿಂದರೆ ಮಾತ್ರ ಸಾಲದು. ಹುಡುಗಿ ತಂದುಕೊಟ್ಟ ಓದಿನಲ್ಲಿ ಮರಿಯಾ ಫಿಯಾಟರೋನ್ ಎಂಬ ಅಮೆರಿಕದ ಡಾಕ್ಟರರ ಎರಡು ಅಧ್ಯಯನ ಇವೆ. 1990ರದ್ದು: ವೃದ್ಧರ ಆರೈಕೆ ಮನೆಯೊಂದರಲ್ಲಿದ್ದ 90ರ ಆಸುಪಾಸಿನ 10 ಜನರಿಂದ 8 ವಾರ ಕಾಲಿನಿಂದ ಭಾರ ಎತ್ತಿಸಿದರು. ಕೊನೆಯವರೆಗೆ ಮಾಡಿದ 9 ಜನರ ಬಲ ಸರಾಸರಿ ಶೇ. 174 ಏರಿತು. ಶೇಕಡಾ ಎಂದರೆ ಮರುಳಾಗಬಾರದು ಎಂದು ನಾನೇ ಮಕ್ಕಳಿಗೆ ಹೇಳುತ್ತಿದ್ದೆ. ಮೂಲ ಸಂಖ್ಯೆ ಚಿಕ್ಕದಿದ್ದರೆ ಸ್ವಲ್ಪ ಹೆಚ್ಚಿದರೂ ಶೇಕಡಾ ಹಾರುತ್ತದೆ. ಆ ಹತ್ತು ಜನರ ಬಲ ಮೊದಲು ತೀರ ಚಿಕ್ಕದಿತ್ತು. ಇರಲಿ. ಆದರೆ ಕಮೋಡಿನಿಂದ ಏಳಲಾಗದವರು ಏಳುವಂತಾಗಲು ಬೇಕಾಗುವುದೂ ಆ ಸ್ವಲ್ಪವೇ ಅಲ್ಲವೆ? 1994ರದ್ದರಲ್ಲಿ 100 ಜನ, ಸರಾಸರಿ ವಯಸ್ಸು 87. ಕೆಲವರಿಗೆ ವ್ಯಾಯಾಮ, ಕೆಲವರಿಗೆ ಬರೀ ಪುಷ್ಟಿಯ ಪಾನೀಯ, ಕೆಲವರಿಗೆ ಎರಡೂ, ಕೆಲವರಿಗೆ ಎರಡೂ ಇಲ್ಲ. ಬಲ ಬಂದದ್ದು ವ್ಯಾಯಾಮ ಮಾಡಿದವರಿಗೆ. ಬರೀ ಪಾನೀಯ ಕುಡಿದವರಿಗೆ ಬರಲಿಲ್ಲ.

ಮೆಡಿಕಲ್ ಸ್ಟೋರಿನ ಡಬ್ಬ ಕಳಿಸುತ್ತೇನೆ ಅಂದಿದ್ದ ಮಗಳಿಗೆ ಇದನ್ನು ಫೋನಿನಲ್ಲಿ ಓದಿ ಹೇಳಿದೆ. ಹೇಳುವಾಗ ಜೂನ್ 4ರ ಸಂಗತಿಯೂ ಬಾಯಿಂದ ಬಂತು. ಆ ಕಡೆ ತುಂಬ ಹೊತ್ತು ಮಾತಿಲ್ಲ.

16 ಆಗಸ್ಟ್, ಶುಕ್ರವಾರ

ವರಮಹಾಲಕ್ಷ್ಮಿ. ಕುರ್ಚಿಯಲ್ಲೇ ಪೂಜೆ. ಬಂದ ಮುತ್ತೈದೆಯರೆಲ್ಲ "ಏಳ್ಬೇಡಿ, ಏಳ್ಬೇಡಿ, ಕೂತಿರಿ" ಎಂದರು. ಹಾಗೆ ಪ್ರೀತಿಯಿಂದ ಕೂರಿಸುವವರ ಕೈಯಲ್ಲಿ ಸಿಕ್ಕಿದ್ದೇವೆ ನಾವೆಲ್ಲ. ಎದ್ದೇ ಕೊಟ್ಟೆ ತಾಂಬೂಲ, 23 ಸಲ.

2 ಸೆಪ್ಟೆಂಬರ್, ಸೋಮವಾರ

"ಮಿಸ್, ಇವತ್ತು ಬಿದ್ರೆ ಏಳೋದು ಹೇಗೆ ಅಂತ ಕಲಿಸ್ತೀನಿ" ಅಂದಳು. ಎದೆ ಡವಡವ. ಜಮಖಾನದ ಮೇಲೆ ದಪ್ಪ ಮ್ಯಾಟು, ಪಕ್ಕದಲ್ಲಿ ಗೋಡೆಗೆ ಆನಿಸಿದ ಗಟ್ಟಿ ಕುರ್ಚಿ.

ಇಷ್ಟು ವರ್ಷ ನಾನು ಕೂತಲ್ಲಿಂದ ನೇರ ಮೇಲಕ್ಕೆ ಏಳಲು ಹೋಗುತ್ತಿದ್ದೆ. ಅದೇ ತಪ್ಪು. ಮೊದಲು ಪಕ್ಕಕ್ಕೆ ಹೊರಳಬೇಕು. ಮೊಣಕೈ ಊರಿ, ಅಂಗೈ ಊರಿ, ಹಸುವಿನ ಹಾಗೆ ನಾಲ್ಕು ಕಾಲಿನ ಮೇಲೆ ಬರಬೇಕು. ಮಂಡಿಯಡಿ ಮಡಿಸಿದ ಟವೆಲ್ಲು. ಹಾಗೇ ಕುರ್ಚಿಯ ಹತ್ತಿರ ಹೋಗಿ ಅದರ ಮೇಲೆ ಎರಡು ಕೈ. ಗಟ್ಟಿಯಿರುವ ಕಾಲಿನ ಪಾದ ಮುಂದಕ್ಕೆ. ಅಲ್ಲಿ ನಿಂತು ಒಂದು ಉಸಿರು. ಆಮೇಲೆ ಕೈಯಿಂದಲೂ ಪಾದದಿಂದಲೂ ಒಟ್ಟಿಗೆ ಒತ್ತಿ ಮೇಲೆ.

ಐದು ಮೆಟ್ಟಿಲಿನ ಪ್ರಮೇಯ. ಒಂದು ಮೆಟ್ಟಿಲು ಬಿಟ್ಟರೆ ಉತ್ತರ ಬರುವುದಿಲ್ಲ. ಮೂರು ಸಲ ಎದ್ದೆ. ಮೂರನೆಯದಕ್ಕೆ ಅವಳು ಬೇಕೆಂದೇ ಬಾಗಿಲ ಹತ್ತಿರ ಹೋಗಿ ಬೀದಿ ನೋಡುತ್ತ ನಿಂತಿದ್ದಳು.

ಹೀಗೆ ಬಲ, ಸಮತೋಲನ ಎರಡನ್ನೂ ಅಭ್ಯಾಸ ಮಾಡಿದವರು ಬೀಳುವುದೇ ಕಡಿಮೆ ಎಂಬುದಕ್ಕೆ ಲೆಕ್ಕ ಇದೆ: 108 ಪ್ರಯೋಗ, 23,000ಕ್ಕೂ ಹೆಚ್ಚು ಜನ, ಇವುಗಳನ್ನು 2019ರಲ್ಲಿ ಪರಿಶೀಲಿಸಿದಾಗ ಎಲ್ಲ ಬಗೆಯ ವ್ಯಾಯಾಮ ಸೇರಿ ಬೀಳುವುದು ಶೇ. 23ರಷ್ಟು ತಗ್ಗಿತ್ತು. ತಗ್ಗದೆ ಉಳಿದ 77ರಲ್ಲಿ ನನ್ನದೂ ಒಂದು ಇದ್ದರೆ? ಅದಕ್ಕೇ ಇವತ್ತಿನ ಪಾಠ.

22 ಸೆಪ್ಟೆಂಬರ್, ಭಾನುವಾರ, ತುಮಕೂರು

ಅಕ್ಕನ ಮನೆ. ಬಂದು ಮೂರು ದಿನ.

ಅಕ್ಕನಿಗೆ 79. ಎರಡು ವರ್ಷದ ಹಿಂದೆ ಬಾತ್‌ರೂಮಿನಲ್ಲಿ ಜಾರಿ ತೊಡೆಸಂದಿನ ಮೂಳೆ ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಆಮೇಲೆ ಮನೆಯವರೆಲ್ಲ 'ರೆಸ್ಟು, ರೆಸ್ಟು' ಅಂದರು. ನಾನೂ ಅಂದಿದ್ದೆ, ಫೋನಿನಲ್ಲಿ ಪ್ರತಿದಿನ ಅದನ್ನೇ ಅಂದಿದ್ದೆ, ಇಲ್ಲಿ ಬರೆದಿಡುತ್ತೇನೆ. ಫಿಸಿಯೋಥೆರಪಿಯವರು ನಾಲ್ಕು ಸಲ ಬಂದರು, ನೋವೆಂದು ಅಕ್ಕ ಬೇಡ ಅಂದಳು. ಮುರಿದ ಮೂಳೆ ಕೂಡಿತು, ಕಾಲು ಹೋಯಿತು. ನಿನ್ನೆ ಸ್ನಾನ ಮಾಡಿಸುವಾಗ ಅವಳ ತೊಡೆ ಹಿಡಿದೆ. ನನ್ನ ಎರಡು ಕೈಯ ಬೆರಳು ಸುತ್ತಲೂ ಸೇರಿದವು. ಹುಡುಗಿಯಾಗಿದ್ದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ಕಾಲುವೆ ದಾಟಿಸುತ್ತಿದ್ದವಳು.

ಮಂಚದ ಅಂಚಿಗೆ ಕೂರಿಸಿ, ಪಾದ ಆಡಿಸು, ಮಂಡಿ ನೀಡು ಅಂದೆ. ಎರಡು ಸಲ ಮಾಡಿದಳು. ಮೂರನೆಯದಕ್ಕೆ ಸಿಟ್ಟು ಬಂತು.

"ನಿಂಗೇನೇ, ಪೆನ್ಷನ್ನು. ಮೇಷ್ಟ್ರನ್ನ ಮನೆಗೆ ಕರೆಸ್ಕೊಂಡು ಕುಣೀತೀಯ. ಅಮ್ಮ ಯಾವ ಮೇಷ್ಟ್ರನ್ನ ಇಟ್ಕೊಂಡಿದ್ಲು?"

"ಅಮ್ಮಂಗೆ ನೆಲ ಇತ್ತು ಕಣಕ್ಕ."

"ನಂಗೆ ಮಂಚ ಸಾಕು ಕಣೇ. ಸುಮ್ನೆ ಬಿಡು."

ಬಿಟ್ಟೆ. ಸಂಜೆ ಅವಳ ಸೊಸೆ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತ, ತನ್ನ ಸೊಂಟಕ್ಕೆ ಕೈ ಇಟ್ಟುಕೊಂಡು, "ಚಿಕ್ಕಮ್ಮ, ದಿನಕ್ಕೆ ಆರು ಸಲ ಎತ್ತಿ ಕೂರಿಸ್ತೀನಿ, ನಂಗೂ ಆಗ್ತಿಲ್ಲ" ಅಂದಳು. ಅವಳಿಗೆ 50. ಫಿಸಿಯೋ ಅವರನ್ನು ಮತ್ತೆ ಕರೆಸಲು ದುಡ್ಡು ಕೊಟ್ಟಿದ್ದೇನೆ. ಅಕ್ಕನಿಗೆ ಬೇಕಾದದ್ದು ಫಿಸಿಯೋ, ನನ್ನ ಹುಡುಗಿಯ ಪಾಠವಲ್ಲ, ಅಷ್ಟು ನನಗೂ ಗೊತ್ತು. ಕರೆಸುತ್ತಾರೋ ಇಲ್ಲವೋ.

12 ಅಕ್ಟೋಬರ್, ಶನಿವಾರ

ವಿಜಯದಶಮಿ. ಊರೆಲ್ಲ ಜಂಬೂಸವಾರಿಗೆ. ಬೆಳಗ್ಗೆ ಟಿ.ವಿ.ಯಲ್ಲಿ ಅರಮನೆಯ ವಜ್ರಮುಷ್ಟಿ ಕಾಳಗ ನೋಡಿದೆ. ಮೈಸೂರು ಗರಡಿಗಳ ಊರು. ನಮ್ಮ ತಂದೆ ಮದುವೆಗೆ ಮುಂಚೆ ಗರಡಿಗೆ ಹೋಗಿ ಸಾಮು ಮಾಡುತ್ತಿದ್ದರಂತೆ. ಅವರ ಕಪಾಟಿನಲ್ಲಿ ಕೆ.ವಿ. ಅಯ್ಯರ್ ಅವರ 'ಶಾಂತಲಾ' ಇತ್ತು. ಕಾದಂಬರಿಯಾಗಿ ನಾನು ಓದಿದೆ. ಬರೆದವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕಟ್ಟುಮಸ್ತು ಮೈಯವರು ಎಂದು ತಂದೆ ಹೇಳಿದಾಗ, ಅದಕ್ಕೂ ನನಗೂ ಏನು ಅನ್ನಿಸಿತ್ತು. ಗರಡಿ ಗಂಡಸರದ್ದು, ಅದೂ ಹರೆಯದ ಗಂಡಸರದ್ದು. ಹೆಂಗಸರಿಗೆ ಬಸ್ಕಿ ಶಿಕ್ಷೆ ಮಾತ್ರ.

ತುಮಕೂರು, ಆಮೇಲೆ ಹುಬ್ಬಳ್ಳಿ, ಎಲ್ಲ ಸೇರಿ ಎರಡೂವರೆ ವಾರ ಪಾಠ ತಪ್ಪಿತು. 30 ಸೆಕೆಂಡಿನಲ್ಲಿ ಕುರ್ಚಿಯಿಂದ ಏಳುವುದು 12 ಆಗಿದ್ದದ್ದು 9ಕ್ಕೆ ಇಳಿದಿದೆ. ಹುಡುಗಿ ಬೈಯಲಿಲ್ಲ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಈ ಬಲ ಬ್ಯಾಂಕಿನ ಎಫ್.ಡಿ. ಅಲ್ಲ, ಇಟ್ಟು ಮರೆಯುವ ಹಾಗಿಲ್ಲ.

18 ನವೆಂಬರ್, ಸೋಮವಾರ

ಮತ್ತೆ ಪರೀಕ್ಷೆ. ಕುರ್ಚಿಯಿಂದ 13. ಒಂಟಿ ಕಾಲು, ಬಲಗಡೆ 11 ಸೆಕೆಂಡು, ಎಡಗಡೆ 8. ದಿಂಬುಗಳು ಎಂದೋ ಹೋದವು. ಈಗ ಒಂದು ಅಡಿ ಎತ್ತರದ ಸ್ಟೂಲಿನ ಮೇಲೆ ಬಸ್ಕಿ, ಕೈಯಲ್ಲಿ ಎರಡೆರಡು ಕಿಲೋ ಡಂಬೆಲ್ಲು.

ನೆಲದ್ದು: ಕೂರುವಾಗ ಒಂದು ಕೈ, ಸ್ವಲ್ಪ ತೂರಾಟ, 3.5. ಏಳುವಾಗ ಮಂಡಿ ಒಂದು, ನೆಲಕ್ಕೆ ಕೈ ಒಂದು, ತೊಡೆಗೆ ಕೈ ಒಂದು, 2. ಒಟ್ಟು 5.5. ಅರ್ಧ ಅಂಕಕ್ಕೆ ಫಸ್ಟ್ ಕ್ಲಾಸ್ ತಪ್ಪಿತು. ಆ ತೂರಾಟ ತೂರಾಟವೇ ಅಲ್ಲ, ಸೀರೆ ಕಾಲಿಗೆ ಸಿಕ್ಕಿದ್ದು ಎಂದು ವಾದಿಸಿದೆ. ರೀವ್ಯಾಲ್ಯುಯೇಷನ್ ಇಲ್ಲವಂತೆ.

ಬೇರೆ ಲಾಭಗಳು ಅಂಕಪಟ್ಟಿಯಲ್ಲಿಲ್ಲ. ಕುಕ್ಕರನ್ನು ಒಂದೇ ಕೈಯಲ್ಲಿ ಇಳಿಸುತ್ತೇನೆ. ಸಿಟಿ ಬಸ್ಸಿನ ಮೊದಲ ಮೆಟ್ಟಿಲಿಗೆ ಕಂಡಕ್ಟರು ಕೈ ಚಾಚುವ ಮುಂಚೆ ಹತ್ತಿರುತ್ತೇನೆ. ಸಕ್ಕರೆ ಸ್ವಲ್ಪ ಇಳಿದಿದೆ, ಡಾಕ್ಟರು ಮಾತ್ರೆ ಬದಲಿಸಿಲ್ಲ. ಮಂಡಿ ನೋವು ಪೂರ್ತಿ ಹೋಗಿಲ್ಲ. ಹೋಗುತ್ತದೆ ಎಂದು ಯಾರೂ ಹೇಳಿರಲೂ ಇಲ್ಲ.

ಅಕ್ಕ ವಾಕರ್ ಹಿಡಿದು ಬಾಗಿಲವರೆಗೆ ಬಂದಳೆಂದು ಸೊಸೆ ಫೋನ್ ಮಾಡಿದ್ದಳು. ಮಾರನೇ ದಿನ ಮತ್ತೆ ಬೇಡ ಅಂದಳಂತೆ.

ಹೊರಡುವಾಗ ಹುಡುಗಿ, "ಮಿಸ್, ಬುಧವಾರ ಬರೋಕಾಗಲ್ಲ, ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು, ಮಂಡಿ" ಅಂದಳು. ಅವಳ ತಾಯಿಗೆ 52. ನಾಟಿ, ಕಳೆ, ಕೊಯ್ಲು, ಮೂವತ್ತು ವರ್ಷದಿಂದ ಗದ್ದೆಯಲ್ಲಿ ಬಗ್ಗಿ ನಿಂತವರು. ದಿನಕ್ಕೆ 40 ಸಲವಲ್ಲ, 400 ಸಲ ಬಗ್ಗಿ ಎದ್ದಿರಬಹುದು. ನನ್ನ ಜೂನ್ ತಿಂಗಳ ಲೆಕ್ಕದಲ್ಲಿ ಇಂಥವರಿಗೆ ಜಾಗವೇ ಇರಲಿಲ್ಲ. ದುಡಿಮೆಗೆ ದಿಂಬು ಇಟ್ಟು ತೆಗೆಯುವವರು ಯಾರು, ಎಡ ಮಂಡಿ ಒಳಕ್ಕೆ ಬೀಳುತ್ತಿದೆ ಎಂದು ನೋಡುವವರು ಯಾರು?

"ನೀನು ಅವರಿಗೆ ಮಾಡಿಸಲ್ವಾ?" ಅಂದೆ.

"ಮನೇಲಿ ನನ್ ಮಾತು ಎಲ್ಲಿ ಕೇಳ್ತಾರೆ ಮಿಸ್."

ಶುಕ್ರವಾರ ಜೊತೆಗೆ ಕರೆದುಕೊಂಡು ಬಾ ಅಂದೆ. ನನ್ನ ಜೊತೆ ಕೂತು ಎದ್ದರೆ ಕೇಳಿಯಾರು. ಇಬ್ಬರಿಗೂ ಒಂದೇ ಫೀಸು ತಗೋ, ಕಮ್ಮಿ ಮಾಡಬೇಡ. ತಲೆಯಾಡಿಸಿದಳು, ಒಪ್ಪಿಗೆಯೋ ಅಲ್ಲವೋ ತಿಳಿಯಲಿಲ್ಲ.

ಇನ್ನೊಂದು ಜಮಖಾನ ಬೇಕಾಗುತ್ತದೆ. ಅಟ್ಟದ ಮೇಲಿದೆ. ಮಹಡಿಯ ಹುಡುಗನಿಗೆ ಹೇಳಬೇಕು. ನಾನು ಸ್ಟೂಲು ಹತ್ತುವುದಕ್ಕೆ ಇನ್ನೂ ಪರ್ಮಿಷನ್ ಸಿಕ್ಕಿಲ್ಲ.